ಬೆನ್ ವಿಲ್ಸನ್ ಜೆರ್ಸಿ ಬಗ್ಗೆ ಒಂದು ಸ್ಪಷ್ಟನೆ

ಶಿಕಾಗೋದ ಸಿಮಿಯನ್ ಹೈಸ್ಕೂಲಿನ ಬ್ಯಾಸ್ಕೆಟ್‌ಬಾಲ್ ಹುಡುಗ ಬೆನ್ ವಿಲ್ಸನ್ ನೆನಪಿಗೆ ನಾನು ಬರೆದಿದ್ದ ಮೆಸೇಜ್ ಈಗ ಗುಂಪಿನಿಂದ ಗುಂಪಿಗೆ ಓಡಾಡುತ್ತಿದೆ. ಅದರಲ್ಲಿ ಎರಡು ತಪ್ಪುಗಳಿವೆ. ಎರಡೂ ನನ್ನವೇ.

'ಎನ್‌ಬಿಎ ತಾರೆ' ಅಂತ ಬರೆದಿದ್ದೆ. ಎನ್‌ಬಿಎ ಅಂದರೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್. ಬೆನ್ ಎನ್‌ಬಿಎ ಇರಲಿ, ಕಾಲೇಜಿನ ಮೆಟ್ಟಿಲನ್ನೂ ಹತ್ತಿರಲಿಲ್ಲ. ಹುಟ್ಟಿದ್ದು 1967ರ ಮಾರ್ಚ್‌ನಲ್ಲಿ. 1984ರ ನವೆಂಬರ್ 20ರಂದು ಶಾಲೆಯ ಹತ್ತಿರವೇ ಗುಂಡೇಟು ಬಿತ್ತು, ಮಾರನೇ ದಿನ ತೀರಿಕೊಂಡ. ಲೆಕ್ಕ ಹಾಕಿ, ಬರೀ 17 ವರ್ಷ. ದೇಶದ ಹೈಸ್ಕೂಲ್ ಆಟಗಾರರಲ್ಲೇ ನಂಬರ್ ಒನ್ ಅನ್ನಿಸಿಕೊಂಡಿದ್ದವನು.

ಇನ್ನೊಂದು, 'ಅವನ 25ನೇ ನಂಬರಿನ ಜೆರ್ಸಿಯನ್ನು ಆಮೇಲೆ ಯಾರೂ ತೊಡಲಿಲ್ಲ' ಅನ್ನೋ ಸಾಲು. ದೊಡ್ಡ ಆಟಗಾರರ ನಂಬರನ್ನು ಬೇರೆ ಯಾರಿಗೂ ಕೊಡದೆ ಎತ್ತಿಡುವುದು ರೂಢಿ ಅಲ್ವಾ, ಇಲ್ಲೂ ಹಾಗೇ ಅಂದುಕೊಂಡು ಸುಮ್ನೆ ಬರೆದುಬಿಟ್ಟೆ. ನಡೆದದ್ದು ಉಲ್ಟಾ. ಅವನ ನೆನಪಿಗೆ ಅಂತಲೇ ಆ ನಂಬರನ್ನು ತೊಟ್ಟರು. ಸಿಮಿಯನ್‌ನಲ್ಲೇ ಓದಿದ್ದ ಆಟಗಾರ ನಿಕ್ ಆಂಡರ್ಸನ್ ಇಲಿನಾಯ್ ವಿಶ್ವವಿದ್ಯಾಲಯಕ್ಕೂ ಆಮೇಲೆ ಎನ್‌ಬಿಎಯ ಒರ್ಲ್ಯಾಂಡೋ ಮ್ಯಾಜಿಕ್ ತಂಡಕ್ಕೂ 25 ತೊಟ್ಟೇ ಆಡಿದರು. ಮುಂದೆ ಎನ್‌ಬಿಎ ತಾರೆಯಾದ ಡೆರಿಕ್ ರೋಸ್ ಸಿಮಿಯನ್‌ನಲ್ಲಿ ಆಡುವಾಗ ತೊಟ್ಟದ್ದೂ ಅದೇ. ಇಬ್ಬರ ಹಳೇ ಫೋಟೋ ನೋಡಿದರೆ ಎದೆ ಮೇಲೆ 25 ಎದ್ದು ಕಾಣುತ್ತದೆ. ನನಗಂತೂ ಪೆಟ್ಟಿಗೆಯಲ್ಲಿಟ್ಟ ಜೆರ್ಸಿಗಿಂತ ಬೆವರಿನಲ್ಲಿ ನೆನೆದ ಈ ಜೆರ್ಸಿಯೇ ಜಾಸ್ತಿ ಇಷ್ಟವಾಯಿತು.

ಹಳೇ ಮೆಸೇಜನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿಬಿಡಿ.