ಎರಡನೆಯ ಸಲ ಓಡಿಸಿದರೆ ಸರಿಹೋಗುತ್ತದೆ ಎನ್ನಬೇಡಿ

ಸರ್ವರ್ ನೋಡಿಕೊಳ್ಳುವವರ ಬಾಯಲ್ಲಿ ನನಗೆ ಸಹಿಸಲಾಗದ ಮಾತು ಒಂದಿದೆ: "ಇನ್ನೊಂದು ಸಲ ಪಪೆಟ್ ಓಡಿಸಿ, ಸರಿಹೋಗುತ್ತದೆ." ಪಪೆಟ್ ಎಂದರೆ ನಾವು ಬರೆದಿಟ್ಟ ಸೂಚನೆಗಳಂತೆ ಸರ್ವರ್‌ಗಳನ್ನು ತಾನೇ ಸಜ್ಜುಗೊಳಿಸುವ ತಂತ್ರಾಂಶ. ಸರಿಹೋಗುವುದು ನಿಜ. ನನ್ನ ಸಿಟ್ಟಿಗೆ ಕಾರಣವೂ ಅದೇ.

ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಒಂದು ಸಂಜೆ ಬಳಕೆದಾರರ ಒತ್ತಡ ಏರಿತು, ನಾಲ್ಕು ಹೊಸ ಸರ್ವರ್ ಸೇರಿಸಿದೆವು. ನಾಲ್ಕರಲ್ಲೂ ಜಾಲಪುಟಗಳನ್ನು ಒದಗಿಸುವ ತಂತ್ರಾಂಶವಾದ ಎಂಜಿನ್‌ಎಕ್ಸ್ ಏಳಲೇ ಇಲ್ಲ. ಅದಕ್ಕೆ ಬೇಕಾದ, ತಾಣದ ಗುರುತನ್ನು ಬ್ರೌಸರ್‌ಗೆ ಸಾಬೀತುಪಡಿಸುವ ಟಿಎಲ್‌ಎಸ್ ಪ್ರಮಾಣಪತ್ರ ಡಿಸ್ಕ್‌ಗೆ ಬರುವ ಮೊದಲೇ ಪಪೆಟ್ ಸರ್ವಿಸ್ ಆರಂಭಿಸಲು ಹೋಗಿ ಸೋತಿತ್ತು. ಪ್ರಮಾಣಪತ್ರ ಕೆಲವೇ ಸೆಕೆಂಡು ತಡವಾಗಿ, ಅದೇ ಓಟದಲ್ಲಿ ಬಂದು ಕುಳಿತಿತ್ತು. ಪ್ರತಿ ಸರ್ವರ್‌ನಲ್ಲೂ ಕೂತು ಆ ಸೂಚನೆಗಳನ್ನು ಜಾರಿಮಾಡುವ ಪಪೆಟ್ ಏಜೆಂಟ್ ನಾವು ಬದಲಿಸದಿದ್ದರೆ 30 ನಿಮಿಷಕ್ಕೊಮ್ಮೆ ಓಡುತ್ತದೆ. ಮುಂದಿನ ಓಟದಲ್ಲಿ ಎಲ್ಲವೂ ಸರಿಯಾಯಿತು. ಆ ಅರ್ಧ ಗಂಟೆ ಹಳೆಯ ಯಂತ್ರಗಳು ಏದುಸಿರು ಬಿಟ್ಟವು.

ಮೂಲ ಹುಡುಕಿದರೆ, ತಿಂಗಳುಗಳ ಹಿಂದೆ ಸಹೋದ್ಯೋಗಿಯೊಬ್ಬರು ಪಪೆಟ್ ಸೂಚನೆಗಳ ಗುಂಪುಗಳಾದ ಕ್ಲಾಸ್‌ಗಳ ಹೆಸರನ್ನು ಇಂಗ್ಲಿಷ್ ಅಕ್ಷರಾನುಕ್ರಮದಲ್ಲಿ ಅಂದವಾಗಿ ಜೋಡಿಸಿದ್ದರು. ಮೊದಲಿದ್ದ ಟಿಎಲ್‌ಎಸ್, ಎಂಜಿನ್‌ಎಕ್ಸ್‌ನ ಕೆಳಗಿಳಿದಿತ್ತು. ಹಳೆಯ ಸರ್ವರ್‌ಗಳಲ್ಲಿ ಪ್ರಮಾಣಪತ್ರ ಆಗಲೇ ಇದ್ದುದರಿಂದ ಯಾರಿಗೂ ತಿಳಿಯಲಿಲ್ಲ. ಅವರನ್ನು ನಾನು ದೂರುವುದಿಲ್ಲ. ಆ ಎರಡು ಸಾಲುಗಳ ನಡುವೆ ನಂಟಿದೆ ಎಂದು ಯಾರೂ ಬರೆದಿರಲಿಲ್ಲ.

ಪಪೆಟ್‌ನ ಹಳೆಯ ಆವೃತ್ತಿಗಳಲ್ಲಿ ಬರೆದ ಕ್ರಮಕ್ಕೆ ಬೆಲೆಯೇ ಇರಲಿಲ್ಲ. 2013ರಲ್ಲಿ 3.3 ಆವೃತ್ತಿ ಬರೆದ ಕ್ರಮದಲ್ಲೇ ನಡೆಸುವ ಆಯ್ಕೆ ಕೊಟ್ಟಿತು. 2015ರ 4ನೆಯ ಆವೃತ್ತಿಯಲ್ಲಿ ಅದೇ ರೂಢಿಯಾಯಿತು. ಇದೇ ಬಗೆಯ ಇನ್ನೊಂದು ತಂತ್ರಾಂಶ ಆನ್ಸಿಬಲ್ ಅಂತೂ ಕೆಲಸಗಳನ್ನು ಮೇಲಿನಿಂದ ಕೆಳಕ್ಕೇ ನಡೆಸುತ್ತದೆ. ಓದಲು ಸುಲಭ, ಒಪ್ಪುತ್ತೇನೆ. ಆದರೆ ಮೇಲೆ ಕೆಳಗೆ ಇರುವ ಎರಡು ಸಾಲುಗಳಲ್ಲಿ ಯಾವ ಕ್ರಮ ಅಗತ್ಯದ್ದು, ಯಾವುದು ಆಕಸ್ಮಿಕ ಎಂದು ಮುಂದೆ ಓದುವವರಿಗೆ ತಿಳಿಯುವುದು ಹೇಗೆ?

ಆದ್ದರಿಂದ ನಾನು ನಂಟನ್ನು ಬಾಣದ ಗುರುತಿನಿಂದ ಬರೆದೇ ತೀರುತ್ತೇನೆ. ಅದರಲ್ಲೂ ಎರಡು ಬಗೆಯಿದೆ. ನೇರ ಬಾಣ "ಇದಾದ ಮೇಲೆ ಅದು" ಎನ್ನುತ್ತದೆ ಅಷ್ಟೇ. ಅಲೆಗೆರೆಯ ಬಾಣ "ಇದು ಬದಲಾದರೆ ಅದಕ್ಕೂ ತಿಳಿಸು" ಎಂದೂ ಹೇಳುತ್ತದೆ. ಪ್ರಮಾಣಪತ್ರಕ್ಕೆ ಬೇಕಾದದ್ದು ಎರಡನೆಯದು. ಅದಿಲ್ಲದಿದ್ದರೆ ಡಿಸ್ಕ್‌ನಲ್ಲಿ ನವೀಕರಿಸಿದ ಪ್ರಮಾಣಪತ್ರವಿದ್ದರೂ ಎಂಜಿನ್‌ಎಕ್ಸ್ ಮೆಮೊರಿಯಲ್ಲಿರುವ ಹಳೆಯದನ್ನೇ ಕೊಡುತ್ತಿರುತ್ತದೆ. ಅವಧಿ ಮುಗಿದ ದಿನ ಬ್ರೌಸರ್‌ಗಳು ಬಾಗಿಲು ಹಾಕುತ್ತವೆ. ಬಾಣಗಳು ಸುತ್ತಿಕೊಂಡು ವರ್ತುಲವಾದರೆ ಪಪೆಟ್ ಕೆಲಸ ನಿಲ್ಲಿಸಿ ದೂರುತ್ತದೆ. ಆ ದೂರನ್ನು ಕಂಡು ಬಾಣ ಅಳಿಸಿಬಿಡುವವರನ್ನು ನೋಡಿದ್ದೇನೆ, ಸಂಕಟವಾಗುತ್ತದೆ. ಹೆಚ್ಚಾಗಿ ಅಲ್ಲಿ ಒಂದೇ ಕ್ಲಾಸ್‌ಗೆ ಎರಡು ಕೆಲಸ ತುರುಕಿರುತ್ತಾರೆ, ಅದನ್ನು ಒಡೆಯಬೇಕು.

ಆ ಸಂಜೆಯ ನಂತರ ನಾನು ಪ್ರತಿ ಬದಲಾವಣೆಯನ್ನೂ ಏನೂ ಇಲ್ಲದ ಹೊಸ ವರ್ಚುವಲ್ ಯಂತ್ರದ ಮೇಲೆ, ಕ್ರಮವನ್ನು ಬೇಕೆಂದೇ ಕಲಸುವ ಆಯ್ಕೆ ಹಾಕಿ, ಒಂದೇ ಒಂದು ಸಲ ಓಡಿಸುತ್ತೇನೆ. ಮೊದಲ ದಿನವೇ ಇನ್ನೊಂದು ಸಿಕ್ಕಿತು: ಡೇಟಾಬೇಸ್ ಸರ್ವಿಸ್ ಏಳುವ ಮೊದಲೇ ಅದರೊಳಗೆ ಬಳಕೆದಾರರನ್ನು ಸೇರಿಸಲು ಹೊರಟಿದ್ದ ಸಾಲು. ಅದನ್ನು ಬರೆದವನು ನಾನೇ.