ಸೌದೆಯ ಪರೀಕ್ಷಾ ಮಂಡಳಿ

ಸೌದೆ ಒಣಗಿದೆಯೇ ಎಂದು ಕೇಳಿದರೆ ನಮ್ಮ ಮನೆಯಲ್ಲಿ ತಲೆಗೊಂದು ಉತ್ತರ ಸಿಗುತ್ತದೆ. ಸರಿಯುತ್ತರ ಗೊತ್ತಿರುವುದು ಒಲೆಗೆ ಮಾತ್ರ. ಅದು ಬಾಯಿ ಬಿಡುವ ಹೊತ್ತಿಗೆ ಎಲ್ಲರ ಕಣ್ಣಲ್ಲೂ ನೀರು.

ಮಂಡಳಿಯ ಹಿರಿಯರು ನನ್ನ ಮಾವ. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿಯುತ್ತಾರೆ. ಒಣಗಿದ್ದರೆ ‘ಠಣ್’, ಹಸಿಯಿದ್ದರೆ ‘ದಬ್’. ವಿಧಾನದಲ್ಲಿ ದೋಷವಿಲ್ಲ, ದೋಷವಿರುವುದು ಮಾವನ ಕಿವಿಯಲ್ಲಿ. ಅವರಿಗೆ ಬಾಗಿಲಿನ ಕರೆಗಂಟೆಯೂ ‘ದಬ್’ ಎಂದೇ ಕೇಳಿಸುತ್ತದೆ.

ಅತ್ತೆಯವರು ನೋಡಿಯೇ ಹೇಳುತ್ತಾರೆ. ತೊಗಟೆ ಸಡಿಲವಾಗಿ, ಬಣ್ಣ ಮಾಸಿ, ತುದಿ ಬಿರುಕು ಬಿಟ್ಟಿದ್ದರೆ ಪಾಸು. ಆದರೆ ಮರದೊಳಗಿನ ನೀರು ಪಕ್ಕಗಳಿಗಿಂತ ತುದಿಗಳಿಂದ ಬಹಳ ಬೇಗ ಹೊರಡುತ್ತದೆ. ತುದಿ ಬಿರಿದಿದ್ದರೂ ಹೊಟ್ಟೆ ಹಸಿಯಾಗಿರಬಹುದು. ಈ ಸಂಗತಿಯನ್ನು ಅವರಿಗೆ ತಿಳಿಸುವ ಕೆಲಸವನ್ನು ಮನೆಯಲ್ಲಿ ಯಾರೂ ವಹಿಸಿಕೊಂಡಿಲ್ಲ.

ಮಗಳದು ಸೋಪಿನ ವಿಜ್ಞಾನ. ಸೌದೆಯ ಒಂದು ತುದಿಗೆ ಸೋಪಿನ ನೀರು ಬಳಿದು ಇನ್ನೊಂದು ತುದಿಯಿಂದ ಊದಬೇಕು. ಒಳಗಿನ ನಾಳಗಳಲ್ಲಿ ನೀರು ಖಾಲಿಯಾಗಿದ್ದರೆ ಗಾಳಿ ಹಾಯ್ದು ಗುಳ್ಳೆ ಏಳುತ್ತದೆ. ನಾಳಗಳೇ ಮುಚ್ಚಿಕೊಂಡಿರುವ ಮರವಾದರೆ ಎಷ್ಟು ಒಣಗಿದ್ದರೂ ಗುಳ್ಳೆ ಬರುವುದಿಲ್ಲ. ಮುಖ ಕೆಂಪಾಗುವವರೆಗೆ ಊದಿದ ಮಗಳು, ಏನಾಗಿದೆ ಎಂದು ತುಂಡನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಸೋಪು ಯಾವ ಕಡೆಗಿತ್ತೆಂಬುದನ್ನು ಮರೆತು ಮತ್ತೆ ಊದಿದಳು. ಗುಳ್ಳೆಗಳೇನೋ ಬಂದವು, ಅವಳ ಬಾಯಿಂದ.

ಇಷ್ಟೆಲ್ಲ ಕಂಡ ಮೇಲೆ ನಾನು ತೇವಮಾಪಕ ಕೊಂಡೆ. ಎರಡು ಮುಳ್ಳುಗಳ ಪುಟ್ಟ ಯಂತ್ರ. ಮರ ಒಣಗಿದಷ್ಟೂ ವಿದ್ಯುತ್ತಿಗೆ ಅಡ್ಡಿ ಹೆಚ್ಚು. ಅದನ್ನು ಅಳೆದು ತೇವಾಂಶ ಹೇಳುತ್ತದೆ. ಸೌದೆ ತಂದವನ ಮುಂದೆಯೇ ಚುಚ್ಚಿದೆ. 15 ಎಂದಿತು. ಅವನ ಎದೆ ಉಬ್ಬಿತು. ಅದೇ ತುಂಡನ್ನು ಕೊಡಲಿಯಿಂದ ಸೀಳಿ, ಹೊಸ ಮೈಯ ನಡುವೆ ಚುಚ್ಚಿದೆ. 32!

“ಹೊರಗಿನಿಂದ ನೋಡಿ ಸ್ವಾಮಿ,” ಎಂದ ಅವನು ಗಂಭೀರವಾಗಿ. “ಸೀಳಿ ನೋಡಿದರೆ ಯಾರು ತಾನೇ ಒಣಗಿರುತ್ತಾರೆ?”

ತೇವಾಂಶ 20ಕ್ಕಿಂತ ಕಡಿಮೆ ಇರಬೇಕೆಂಬುದು ಎಲ್ಲರೂ ಹೇಳುವ ಲೆಕ್ಕ. ಲೆಕ್ಕ ಎಂದೊಡನೆ ಭಾವಮೈದುನ ಎದ್ದು ಕುಳಿತ. 100 ಗ್ರಾಂ ಸೌದೆಯಲ್ಲಿ 20 ಗ್ರಾಂ ನೀರಿದ್ದರೆ ಶೇಕಡಾ 20 ಎಂದು ಅವನ ವಾದ. ಮಾಪಕ ಸಾಮಾನ್ಯವಾಗಿ ನೀರನ್ನು ಒಣ ಮರದ 80 ಗ್ರಾಮಿಗೆ ಹೋಲಿಸುತ್ತದೆ, ಆಗ ಅದೇ ಸೌದೆ ಶೇಕಡಾ 25 ಎಂದು ನನ್ನ ವಾದ. ಇಬ್ಬರೂ ಗೆದ್ದೆವು. ಅಷ್ಟರಲ್ಲಿ ಒಲೆ ಆರಿತ್ತು.

ಕೊನೆಗೆ ತಕರಾರಿಲ್ಲದ ದಾರಿ ಹಿಡಿದೆ. ಒಂದು ತುಂಡನ್ನು ಆರಿಸಿ ವಾರವಾರ ತೂಗುವುದು. ತೂಕ ಇಳಿಯುವುದು ನಿಂತಿತೆಂದರೆ ಅಲ್ಲಿನ ಹವೆಯಲ್ಲಿ ಅದು ಒಣಗುವಷ್ಟು ಒಣಗಿದೆ ಎಂದರ್ಥ. ಅದರ ಮೇಲೆ ಸೀಮೆಸುಣ್ಣದಲ್ಲಿ ದಪ್ಪಗೆ ‘ಉರಿಸಬಾರದು’ ಎಂದು ಬರೆದಿಟ್ಟೆ. ತೂಕ ಇಳಿಯುತ್ತಾ ಬಂದು ಕಡೆಗೂ ನಿಂತಿತು.

ಅದನ್ನು ಎಲ್ಲರಿಗೂ ತೋರಿಸೋಣವೆಂದು ಹೊರಟರೆ ಜಾಗ ಖಾಲಿ. ನೆಂಟರು ಬಂದಿದ್ದರು, ಉಳಿದ ಸೌದೆ ತುದಿಯಲ್ಲಿ ನೊರೆ ಕಾರುತ್ತಾ ‘ಸುಂಯ್’ ಎನ್ನುತ್ತಿತ್ತು, ಅತ್ತೆಯವರು ಕೈಗೆ ಸಿಕ್ಕಿದ್ದನ್ನು ಒಲೆಗೆ ತುರುಕಿದ್ದರು.

“ಅದೊಂದೇ ನೋಡಿ ಚೆನ್ನಾಗಿ ಉರಿದದ್ದು,” ಎಂದರು. “ಇನ್ನೊಂದು ಹತ್ತು ತುಂಡಿನ ಮೇಲೆ ಹಾಗೇ ಬರೆದಿಡಿ.”