ಕೇಳೋರಿದ್ದರೆ ಹಸಿರು

ನಮ್ಮ ಆಫೀಸಿನ ಕಾಂಪೌಂಡಿನಲ್ಲಿ ಒಂದು ಗುಂಡಿ ಇದೆ. ಪ್ರತಿ ಜೂನ್ 5ಕ್ಕೆ, ಪರಿಸರ ದಿನ ಅಂತ, ಎಂಡಿ ಸಾಹೇಬರು ಅಲ್ಲಿ ಹೊಂಗೆ ಸಸಿ ನೆಡುತ್ತಾರೆ. ಹೋದ ವರ್ಷ ನೆಟ್ಟಿದ್ದೂ ಅಲ್ಲೇ, ಅದರ ಹಿಂದಿನ ವರ್ಷವೂ ಅಲ್ಲೇ. ಹಿಂದುಗಡೆ ಹತ್ತಡಿ ಫ್ಲೆಕ್ಸು, ಅದರ ಮೇಲೆ ‘ಪ್ಲಾಸ್ಟಿಕ್ ತೊಲಗಲಿ’. ಬೆಂಗಳೂರಲ್ಲಿ ಫ್ಲೆಕ್ಸಿಗೆ 2018ರಲ್ಲೇ ನಿಷೇಧ ಬಿತ್ತು. ಆದರೆ ಕಾಂಪೌಂಡಿನ ಒಳಗೆ ಯಾರು ಕೇಳ್ತಾರೆ? ಸಸಿಯನ್ನು ಕಪ್ಪು ಪ್ಲಾಸ್ಟಿಕ್ ಕವರಿನ ಸಮೇತ ಇಳಿಸಿಬಿಡುತ್ತಾರೆ. ಫೋಟೊದಲ್ಲಿ ಬೇರು ಕಾಣಲ್ಲ, ಅಲ್ವಾ.

ಎದುರಿನ ಕಂಪನಿಯವರು ಛಾವಣಿ ತುಂಬ ಸೋಲಾರ್ ಹಾಕಿಸಿದ್ದಾರೆ. ಪಕ್ಕದವರು ಜನರೇಟರ್ ಹೊಗೆಯನ್ನು ನೇರ ನಮ್ಮ ಕ್ಯಾಂಟೀನಿಗೆ ಕಳಿಸುತ್ತಾರೆ. ಒಂದೇ ರಸ್ತೆ, ಒಂದೇ ಭೂಮಿತಾಯಿ. ಇಷ್ಟು ವ್ಯತ್ಯಾಸ ಯಾಕೆ ಅಂತ ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಉತ್ತರ ಸಿಕ್ಕಿದ್ದು ಪೀಣ್ಯದಲ್ಲಿ, ನಮ್ಮ ಮಾವನ ವರ್ಕ್‌ಶಾಪಿನಲ್ಲಿ.

ಎರಡು ಲೇತು, ನಾಲ್ಕು ಹುಡುಗರು, ಹಿತ್ತಾಳೆ ಬುಷ್ ತಯಾರಿ. ಒಂದು ಮೂಲೆಯಲ್ಲಿ ದಪ್ಪ ರಟ್ಟಿನ ಡಬ್ಬಿಗಳು, ಒಳಗೆ ಚೂರು ಮಾಡಿದ ಕಾಗದ. ಇನ್ನೊಂದು ಮೂಲೆಯಲ್ಲಿ ಅದೇ ಬುಷ್, ಥರ್ಮಾಕೋಲ್ ಮೇಲೆ ಮೂರು ಸುತ್ತು ಪ್ಲಾಸ್ಟಿಕ್.

“ಇದೇನು ಮಾವ, ಎರಡು ಥರ?”

“ರಟ್ಟಿಂದು ಜರ್ಮನಿಗೆ, ಅಳಿಯಂದ್ರೇ. ಅವನು ಕೇಳ್ತಾನೆ. ಇದು ಲೋಕಲ್ ಪಾರ್ಟಿಗೆ. ಅವನು ರೇಟು ಬಿಟ್ಟು ಬೇರೆ ಏನೂ ಕೇಳಲ್ಲ.”

ಕಂಪನಿಗೂ ಕಂಪನಿಗೂ ವ್ಯತ್ಯಾಸ ಹುಡುಕುತ್ತಿದ್ದೆ ನಾನು. ಇಲ್ಲಿ ಒಂದೇ ಶೆಡ್ಡಿನಲ್ಲಿ ಎರಡು ಕಂಪನಿ!

ಮಾವನನ್ನು ಬೈಯೋ ಹಾಗೂ ಇಲ್ಲ. ಅದೇ ಜರ್ಮನಿಯ ಫೋಕ್ಸ್‌ವ್ಯಾಗನ್ 2015ರಲ್ಲಿ ಸಿಕ್ಕಿಬಿದ್ದದ್ದು ನೆನಪಿದೆಯಾ? ಚಕ್ರ ತಿರುಗುತ್ತಿದೆ, ಸ್ಟಿಯರಿಂಗ್ ಅಲ್ಲಾಡುತ್ತಿಲ್ಲ ಅಂದರೆ ಇದು ಲ್ಯಾಬಿನ ಹೊಗೆ ಟೆಸ್ಟು ಅಂತ ಕಾರಿನ ಸಾಫ್ಟ್‌ವೇರಿಗೆ ಗೊತ್ತಾಗುತ್ತಿತ್ತು. ತಕ್ಷಣ ಕಾರು ಸಾಧುವಾಗುತ್ತಿತ್ತು, ಬಿಇಓ ಸಾಹೇಬರು ಬಂದ ದಿನದ ನಮ್ಮೂರ ಸ್ಕೂಲಿನ ಹಾಗೆ. ರಸ್ತೆಗಿಳಿದರೆ ನೈಟ್ರೋಜನ್ ಆಕ್ಸೈಡು ಅನ್ನೋ ವಿಷದ ಹೊಗೆ ಮಿತಿಗಿಂತ 40 ಪಟ್ಟಿನವರೆಗೂ ಜಾಸ್ತಿ. ಲೋಕದ ತುಂಬ ಅಂಥ ಸುಮಾರು 1 ಕೋಟಿ 10 ಲಕ್ಷ ಕಾರುಗಳು. ರಸ್ತೆ ಮೇಲೇ ಓಡಿಸಿ ಹೊಗೆ ಅಳೆದದ್ದು ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಪುಟ್ಟ ತಂಡ. ಅದರಲ್ಲಿ ನಮ್ಮ ಬೆಂಗಳೂರಿನ ಹುಡುಗನೂ ಒಬ್ಬ. ಗುಟ್ಟು ರಟ್ಟಾಗಲು ಶುರುವಾಗಿದ್ದು ಅಲ್ಲಿಂದಲೇ.

ನಮ್ಮಲ್ಲೂ ಕೇಳೋರಿದ್ದಾರೆ. ಷೇರುಪೇಟೆ ಕಾಯುವ ಸೆಬಿ 2022–23ರಿಂದ ಅಲ್ಲಿನ ಮೊದಲ 1000 ಕಂಪನಿಗಳನ್ನು ಕಡ್ಡಾಯವಾಗಿ ಕೇಳುತ್ತಿದೆ: ಎಷ್ಟು ಕರೆಂಟು, ಎಷ್ಟು ನೀರು, ಎಷ್ಟು ಕಸ? 1001ನೆಯವನು ಸುಮ್ನೆ ಕಾಫಿ ಕುಡೀಬಹುದು. 2026ರಿಂದ ಯುರೋಪು, ಆಮದಾಗುವ ಉಕ್ಕು, ಸಿಮೆಂಟು, ಅಲ್ಯೂಮಿನಿಯಂಗಳ ಹೊಗೆಗೂ ಬೆಲೆ ಕಟ್ಟುತ್ತಿದೆ. ಅಲ್ಲಿಗೆ ಮಾಲು ಕಳಿಸುವವರಿಗೆ ಕನಸಲ್ಲೂ ಇಂಗಾಲ. ಇಲ್ಲೇ ಮಾರುವವರಿಗೆ ಕಣ್ತುಂಬ ನಿದ್ದೆ. ಕಂಪನಿ ಕಾಯಿದೆ ದೊಡ್ಡ ಕಂಪನಿಗಳಿಗೆ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಿ ಅನ್ನುತ್ತದೆ. ಲೆಕ್ಕದ ವರ್ಷ ಮುಗಿಯೋದು ಮಾರ್ಚ್ 31ಕ್ಕೆ. ಹಾಗಾಗಿ ರಣಬಿಸಿಲಲ್ಲಿ ಸಸಿಗಳ ಮೆರವಣಿಗೆ. ಸಸಿಗೆ ಮಳೆ ಬೇಕು, ಬಿಲ್ಲಿಗೆ ತಾರೀಕು ಬೇಕು. ಬಿಲ್ಲು ಬದುಕಿಕೊಳ್ಳುತ್ತದೆ.

ಬೆಳ್ಳಂದೂರು ಕೆರೆ 2015, 2017, 2018ರಲ್ಲಿ ಹೊತ್ತಿ ಉರಿಯಿತು. ಪಾಪ, ಕೆರೆ ಯಾರಿಗೂ ಪರ್ಚೇಸ್ ಆರ್ಡರ್ ಕೊಡಲ್ಲ.

ಹೊರಡುವಾಗ ಮಾವ ಜರ್ಮನಿಯಿಂದ ಬಂದ ಫಾರಂ ತೋರಿಸಿದರು. ‘ಸಸ್ಟೈನಬಿಲಿಟಿ ಮುಖ್ಯಸ್ಥರು’ ಅನ್ನೋ ಜಾಗದಲ್ಲಿ ಅತ್ತೆಯ ಹೆಸರು. “ಮನೇಲಿ ಫ್ಯಾನು, ಲೈಟು ಆಫ್ ಮಾಡ್ತಾ ಓಡಾಡೋದು ಅವಳೇ ತಾನೇ?”

ಈ ಸಲ ಜೂನ್ 3ರ ಬೆಳಿಗ್ಗೆ ಆಫೀಸಿಗೆ ಬೇಗ ಬಂದೆ. ಮಾಲಿ ಪೈಪ್ ಹಿಡಿದು ನೀರು ಬಿಡುತ್ತಿದ್ದ. ಪರವಾಗಿಲ್ಲ, ಗಿಡ ಉಳಿದಿದೆ ಅಂತ ಖುಷಿಯಿಂದ ಹತ್ತಿರ ಹೋದೆ. ಗಿಡ ಇರಲಿಲ್ಲ. ಗುಂಡಿಗೆ ಬಿಡುತ್ತಿದ್ದ.

“ಎಂಡಿ ಸಾಹೇಬ್ರಿಗೆ ಮಣ್ಣು ಗಟ್ಟಿ ಸಿಗಬಾರ್ದಲ್ಲ ಸಾರ್” ಅಂದ.